ಫಾಲ್ಸ್ ಬಿಗಿದರೆ ಅಂಚು ಸುಕ್ಕು: ರಜೆ ದಿನದ ಸಣ್ಣ ಹೊಲಿಗೆ ಕೆಲಸಗಳು

ಮದುವೆ ಸೀಸನ್ನಿನಲ್ಲಿ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಯಾವ ಛತ್ರಕ್ಕೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಸೀರೆಗಳ ಕೆಳಗಿನ ಅಂಚಿಗೆ. ಒಳ್ಳೆಯ ರೇಷ್ಮೆ ಸೀರೆ, ಒಳ್ಳೆಯ ಜರಿ. ನೆರಿಗೆ ಹತ್ತಿರ ಮಾತ್ರ ಅಂಚು ಸುಕ್ಕು ಸುಕ್ಕಾಗಿ ಮೇಲಕ್ಕೆ ಎದ್ದಿರುತ್ತದೆ. ನೋಡಿದರೆ ಸಂಕಟವಾಗುತ್ತದೆ. ಫಾಲ್ಸ್, ಅಂದರೆ ಸೀರೆಯ ಕೆಳ ಅಂಚಿಗೆ ಒಳಗಡೆಯಿಂದ ಹೊಲಿಯುವ ಪಟ್ಟಿ, ಹಾಕುವಾಗ ಅವಸರ ಮಾಡಿದರೆ ಆಗುವುದೇ ಹೀಗೆ. ಒಂದು ರಜೆ ದಿನ ಎತ್ತಿಟ್ಟುಕೊಳ್ಳಿ. ಫಾಲ್ಸ್, ಬ್ಲೌಸಿನ ಹುಕ್ಕು, ಜೊತೆಗೆ ರೇಷ್ಮೆ ಗೂಡಿನ ಹೂವು, ಮೂರೂ ಮನೆಯಲ್ಲೇ ಮುಗಿಯುತ್ತವೆ.

ಕೆಲಸ ಶುರುವಾಗುವುದು ಹಿಂದಿನ ರಾತ್ರಿ. ಹೊಸ ಫಾಲ್ಸನ್ನು ನೀರಲ್ಲಿ ನೆನೆಹಾಕಿ. ಹತ್ತಿ ಬಟ್ಟೆ ಮೊದಲ ಸಲ ನೀರು ಕಂಡಾಗ ಕುಗ್ಗುತ್ತದೆ. ಸೀರೆಗೆ ಹೊಲಿದ ಮೇಲೆ ಕುಗ್ಗಿದರೆ ಅಂಚನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಅರ್ಧಕ್ಕರ್ಧ ಸುಕ್ಕಿಗೆ ಕಾರಣ ಇದೇ. ಒದ್ದೆ ಫಾಲ್ಸನ್ನು ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಅದನ್ನು ಆಸೆಬಿಟ್ಟು ಪಕ್ಕಕ್ಕಿಡಿ. ಜಾರುವ ನೈಲಾನ್ ಫಾಲ್ಸ್ ಅಂತೂ ಬೇಡವೇ ಬೇಡ, ಅದು ಕಾಲಿಗೆ ಅಂಟುತ್ತದೆ, ನೆರಿಗೆ ಕೂರುವುದಿಲ್ಲ. ಇಸ್ತ್ರಿಪೆಟ್ಟಿಗೆ ಒತ್ತಿ ಅಂಟಿಸುವ ಟೇಪ್ ಕೂಡ ಸಿಗುತ್ತದೆ. ರೇಷ್ಮೆಗೆ ಅದನ್ನು ತಾಗಿಸಲೇಬೇಡಿ. ಗೋಂದು ಗಟ್ಟಿಯಾಗಿ ಕಲೆ ನಿಲ್ಲುತ್ತದೆ.

ಬೆಳಗ್ಗೆ ಫಾಲ್ಸಿಗೆ ಇಸ್ತ್ರಿ ಹಾಕಿ, ಬ್ಲೌಸ್ ಪೀಸ್ ಕತ್ತರಿಸಿ ತೆಗೆದಿಡಿ.

ಈಗ ಯಾವ ಅಂಚು ಕೆಳಗೆ ಅನ್ನುವುದು. ಲೆಕ್ಕ ಹಾಕುತ್ತಾ ಕೂರಬೇಡಿ. ಸೀರೆಯನ್ನು ಸುಮ್ನೆ ಒಂದು ಸುತ್ತು ಉಟ್ಟುಕೊಳ್ಳಿ, ಒಳತುದಿಯಲ್ಲಿ ಪಾದದ ಕಡೆಗೆ ಬರುವ ಅಂಚಿಗೆ ಒಂದು ಪಿನ್ನು ಸಿಕ್ಕಿಸಿ. ಸೆರಗಿನ ಕಡೆಗೆ ಫಾಲ್ಸ್ ಹಾಕಿ ಮತ್ತೆ ಬಿಚ್ಚುವವರನ್ನು ಎಷ್ಟೋ ಸಲ ನೋಡಿದ್ದೇನೆ. ಬಿಚ್ಚಿದ ಜಾಗದಲ್ಲಿ ಸೂಜಿಯ ತೂತು ಹಾಗೇ ಉಳಿಯುತ್ತದೆ.

ನಿಜವಾದ ಕೆಲಸ ಇನ್ನು ಮುಂದೆ. ನೆಲದ ಮೇಲೆ ಚಾಪೆ, ಅದರ ಮೇಲೊಂದು ಬಿಳಿ ಪಂಚೆ ಹಾಸಿ. ಮಂಚ, ಹಾಸಿಗೆ ಬೇಡ, ಮೆತ್ತಗಿನ ಜಾಗದಲ್ಲಿ ಬಟ್ಟೆ ಸಮನಾಗಿ ಕೂರುವುದಿಲ್ಲ. ಸೀರೆಯ ಒಳಮೈ ಮೇಲೆ ಬರುವಂತೆ ಹರಡಿ. ಒಳತುದಿಯಿಂದ ಅರ್ಧ ಗೇಣು ಬಿಟ್ಟು ಫಾಲ್ಸ್ ಇಡಿ, ಅದರ ತುದಿಯನ್ನು ಕಾಲಿಂಚು ಒಳಗೆ ಮಡಚಿ. ಅಂಚಿಗೆ ಸರಿಸಮ ಇಡಬೇಡಿ, ಒಂದೆರಡು ನೂಲಿನಷ್ಟು ಒಳಗೇ ಇರಲಿ. ಇಲ್ಲದಿದ್ದರೆ ನಡೆಯುವಾಗ ಫಾಲ್ಸ್ ಇಣುಕುತ್ತದೆ. ಅಂಗೈಯಿಂದ ಸವರುತ್ತಾ ಹೋಗಿ, ಎಳೆಯಬೇಡಿ. ಫಾಲ್ಸ್ ಕೂದಲೆಳೆಯಷ್ಟು ಸಡಿಲವಿದ್ದರೂ ಪರವಾಗಿಲ್ಲ, ಬಿಗಿ ಮಾತ್ರ ಇರಬಾರದು.

ಇಲ್ಲಿ ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಬಿಚ್ಚಿ ತೆಗೆಯುವ ದೊಡ್ಡ ಹೊಲಿಗೆ, ಹಾಕಲೇಬೇಕು. ನಡುವಿನಿಂದ ಶುರು ಮಾಡಿ ಎರಡೂ ತುದಿಯ ಕಡೆಗೆ ಹೋಗಿ. ಒಂದೇ ತುದಿಯಿಂದ ಹೊರಟರೆ ಮಿಕ್ಕ ಸಡಿಲವೆಲ್ಲ ಕೊನೆಗೆ ಬಂದು ಗುಡ್ಡೆಯಾಗುತ್ತದೆ. ದಪ್ಪ ಗುಂಡುಪಿನ್ನು ಚುಚ್ಚಿ ರೇಷ್ಮೆಗೆ ತೂತು ಮಾಡಬೇಡಿ.

ಕೆಳಗಿನ ಸಾಲನ್ನು ಮಿಷನ್ನಿನಲ್ಲಿ ಹಾಕಬಹುದು. 11ನೇ ನಂಬರಿನ ಸೂಜಿ, ಉದ್ದ ಹೊಲಿಗೆ, ಸಡಿಲ ನೂಲು. ಮೇಲಿನ ಸಾಲು ಕೈಯಲ್ಲೇ ಆಗಬೇಕು, ಇದರಲ್ಲಿ ನನ್ನದು ಎರಡು ಮಾತಿಲ್ಲ. ಮಿಷನ್ ಹಾಕಿದರೆ ಸೀರೆಯ ಮೇಲ್ಮೈಯಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಸಣ್ಣ ಸೂಜಿ, ಒಂಟಿ ಎಳೆ, ಒಂದು ಮೊಳ ನೂಲು ಸಾಕು. ಉದ್ದ ತೆಗೆದುಕೊಂಡರೆ ಗಂಟು ಬೀಳುವುದೇ ಜಾಸ್ತಿ. ಗಂಟನ್ನು ಫಾಲ್ಸಿನ ಮಡಿಕೆಯೊಳಗೆ ಬಚ್ಚಿಡಿ. ಸೂಜಿಯ ಮೊನೆಗೆ ಸೀರೆಯ ಒಂದೋ ಎರಡೋ ಎಳೆ ಮಾತ್ರ ಸಿಗಬೇಕು. ಅಲ್ಲಿಂದ ಫಾಲ್ಸಿನ ಅಂಚಿಗೆ ಬಂದು ಅರ್ಧ ಇಂಚು ಮುಂದೆ ಹೋಗಿ. ನೂಲು ಸುಮ್ನೆ ಮಲಗಿರಬೇಕು, ಜಗ್ಗಬಾರದು. ಒಂದೊಂದು ಗೇಣಿಗೂ ಫಾಲ್ಸಿನ ಮೇಲೆಯೇ ಸೂಜಿಯನ್ನು ಎರಡು ಸಲ ಹಿಂದಕ್ಕೆ ಹಾಕಿ ಬಿಗಿ ಮಾಡಿ. ಕಾಲುಂಗುರವೋ ಗೆಜ್ಜೆಯೋ ಸಿಕ್ಕಿಕೊಂಡಾಗ ಅಷ್ಟೇ ಬಿಚ್ಚುತ್ತದೆ, ಸಾಲು ಪೂರ್ತಿ ಹೋಗುವುದಿಲ್ಲ.

ಮುಗಿದ ಮೇಲೆ ಸೀರೆಯನ್ನು ಹಗ್ಗಕ್ಕೆ ಇಳಿಬಿಟ್ಟು ಕಿಟಕಿ ಬೆಳಕಿನಲ್ಲಿ ನೋಡಿ. ಎಲ್ಲಿ ಅಂಚು ಮುದುರಿದೆಯೋ ಅಲ್ಲಿ ನೂಲು ಬಿಗಿಯಾಗಿದೆ. ಅಷ್ಟನ್ನೇ ಕತ್ತರಿಸಿ ಮತ್ತೆ ಹಾಕಿ. ಇಸ್ತ್ರಿ ಒಳಮೈ ಕಡೆಯಿಂದ, ತೆಳು ಹತ್ತಿ ಬಟ್ಟೆ ಹೊದಿಸಿ.

ಊಟವಾದ ಮೇಲೆ ಗೂಡಿನ ಹೂವು. ಶಿಡ್ಲಘಟ್ಟದ ಗೂಡು ಮಾರುಕಟ್ಟೆ ಪಕ್ಕದಲ್ಲೇ ಇದ್ದರೂ ನಮ್ಮ ಕಡೆ ಮನೆಗಳಲ್ಲಿ ಇದನ್ನು ಮಾಡುವವರು ಕಡಿಮೆ. ಚಿಟ್ಟೆ ಕೊರೆದು ಹೊರಬಂದ ಗೂಡು ನೂಲು ತೆಗೆಯುವ ರೀಲರುಗಳಿಗೆ ಬೇಡ, ಅದರ ಎಳೆ ಅಲ್ಲಲ್ಲಿ ಕಡಿದಿರುತ್ತದೆ. ನಮಗೆ ಬೇಕಾದ್ದು ಅದೇ. ಹುಳು ಒಳಗೇ ಉಳಿದ ಗೂಡು ತರಬೇಡಿ, ವಾಸನೆ ಬರುತ್ತದೆ. ತೂತಾದ ಕಡೆಯಿಂದ ಮುಕ್ಕಾಲು ಭಾಗದವರೆಗೆ ಐದು ಸೀಳು ಕತ್ತರಿಸಿ, ಬೆರಳಿನಿಂದ ಹೊರಕ್ಕೆ ಬಾಗಿಸಿ. ಐದು ಎಸಳಿನ ಹೂವು ತಯಾರು. ಎಳೆಗಳನ್ನು ಹುಳುವಿನ ಅಂಟೇ ಹಿಡಿದಿರುವುದರಿಂದ ಕತ್ತರಿಸಿದ ಅಂಚು ಬಟ್ಟೆಯಂತೆ ಬಿಚ್ಚಿಕೊಳ್ಳುವುದಿಲ್ಲ. ಆದರೆ ಸೋಪು ಹಾಕಿದ ಬಿಸಿನೀರಿಗೆ ಹಾಕಬೇಡಿ, ಆ ಅಂಟು ಕರಗಿ ಹೂವು ಮೆತ್ತಗಾಗುತ್ತದೆ. ಮಿಶ್ರತಳಿ ಗೂಡಿಗೆ ತನ್ನದೇ ಹಳದಿ ಬಣ್ಣವಿದೆ, ಅದರ ಮೇಲೆ ಇನ್ನೊಂದು ಬಣ್ಣ ಬಳಿಯುವುದು ನನಗೆ ಒಪ್ಪಿಗೆಯಿಲ್ಲ. ಬುಡಕ್ಕೆ ಸೂಜಿ ಚುಚ್ಚಿ, ನಡುವೆ ಒಂದು ಮಣಿ ಕೂರಿಸಿ ಪೋಣಿಸಿದರೆ ಬಾಗಿಲಿಗೆ ತೋರಣವಾಯಿತು.

ಹುಕ್ಕಿನ ಕೆಲಸ ಸಂಜೆಗೆ ಸಾಕು. ತುಕ್ಕು ಹಿಡಿಯದ ಹುಕ್ಕು ಕೇಳಿ ತನ್ನಿ. ಎರಡು ಎಳೆ ನೂಲಿನಲ್ಲಿ ಹುಕ್ಕಿನ ಬುಡದ ಎರಡೂ ಬಳೆಗಳನ್ನು ಹೊಲಿದ ಮೇಲೆ ಹುಕ್ಕಿನ ಕುತ್ತಿಗೆಗೂ ಎರಡು ಸುತ್ತು ಹಾಕಿ. ಇದೊಂದನ್ನು ಬಿಟ್ಟರೆ ಹುಕ್ಕು ಮೇಲೆದ್ದು ನಿಲ್ಲುತ್ತದೆ, ಕಾಜಾದಲ್ಲಿ ನಿಲ್ಲುವುದಿಲ್ಲ.