ಒಂಬತ್ತೂವರೆ ಡಿಗ್ರಿಯ ಹಮ್ಮು

ನಾನು ಗಾಲ್ಫ್ ಹಿಡಿದದ್ದು 46ನೇ ವಯಸ್ಸಿಗೆ, ಬೆಂಗಳೂರಿನಲ್ಲೇ. ಲೋಹದ ತೆಳು ತಲೆಯ ಐರನ್ ಕ್ಲಬ್‌ಗಳು ಹೇಗೋ ಒಗ್ಗಿದವು. ಮೊದಲ ಉದ್ದ ಹೊಡೆತಕ್ಕೆ ಬಳಸುವ ಡ್ರೈವರ್ ಮಾತ್ರ ಮೂರು ವರ್ಷ ನನ್ನನ್ನು ಗೋಳು ಹೊಯ್ದುಕೊಂಡಿತು. ಈಗ ಬ್ಯಾಗಿನಲ್ಲಿರುವುದು 2013ರ ಪಿಂಗ್ ಜಿ25, 12 ಡಿಗ್ರಿ ಲಾಫ್ಟ್ (ಚೆಂಡಿಗೆ ತಗುಲುವ ಮುಖ, ಅಂದರೆ ಫೇಸ್, ಹಿಂದಕ್ಕೆ ವಾಲಿರುವ ಕೋನ), ರೆಗ್ಯುಲರ್ ಶಾಫ್ಟ್ (ಹೆಚ್ಚು ಬಳುಕುವ ಕೋಲು). ಹೊಸ ಡ್ರೈವರ್‌ಗೆ ಅರ್ಧ ಲಕ್ಷ ಎಣಿಸುವ ಗೆಳೆಯರು ಇದನ್ನು ನೋಡಿ ನಗುತ್ತಾರೆ. ನಗಲಿ ಬಿಡಿ, ಇದಕ್ಕೆ ಮುಂಚೆ ನಾನು ಕೊಂಡದ್ದನ್ನು ನೋಡಿದ್ದರೆ ಇನ್ನೂ ನಗುತ್ತಿದ್ದರು.

ಮೊದಲನೆಯದು ಟೇಲರ್‌ಮೇಡ್ ಎಸ್‌ಎಲ್‌ಡಿಆರ್. ಪರಿಚಯದವರೊಬ್ಬರು ಹೊಸದು ತೆಗೆದುಕೊಂಡು ಹಳೆಯದನ್ನು ನನಗೆ ದಾಟಿಸಿದರು. 9.5 ಡಿಗ್ರಿ, ಸ್ಟಿಫ್ ಶಾಫ್ಟ್, ಅಂದರೆ ವೇಗವಾಗಿ ಬೀಸುವವರಿಗೆ ಹೊಂದುವ ಗಟ್ಟಿ ಕೋಲು. ಕ್ಲಬ್ಬಿನಲ್ಲಿ ದೋಷವೇನೂ ಇರಲಿಲ್ಲ. 2013ರಲ್ಲಿ ಅದನ್ನು ಮಾಡಿದವರು ತೂಕವನ್ನು ತಲೆಯ ಮುಂಭಾಗಕ್ಕೆ, ತಳಕ್ಕೆ ತಂದು ಕೂರಿಸಿದ್ದರು. ಹಾಗೆ ಮಾಡಿದರೆ ಚೆಂಡಿನ ಸ್ಪಿನ್ (ಹಿಮ್ಮುಖ ತಿರುಗು) ಇಳಿಯುತ್ತದೆ. ಸ್ಪಿನ್ ಇಳಿದ ಮೇಲೆ ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದಕ್ಕೆ ಲಾಫ್ಟ್ ಜಾಸ್ತಿ ಬೇಕು. ಲಾಫ್ಟ್ ಏರಿಸಿಕೊಳ್ಳಿ ಅಂತ ಕಂಪನಿಯೇ ಆಗ ಜಾಹೀರಾತು ಹಾಕಿ ಹೇಳಿತ್ತು. ನನ್ನ ಕಿವಿಗೆ ಬಿದ್ದಿರಲಿಲ್ಲ, ಬಿದ್ದಿದ್ದರೂ ಕೇಳುತ್ತಿರಲಿಲ್ಲ. 12 ಡಿಗ್ರಿ ಅಂದರೆ ಅಜ್ಜಂದಿರ ಲಾಫ್ಟು ಅನ್ನುವ ಹಮ್ಮು ನನಗೆ.

ಚೆಂಡು ಸೊಂಟದೆತ್ತರಕ್ಕೆ ಹೊರಟು, ಬಲಕ್ಕೆ ಬಾಗಿ, ಅಂಚಿನ ಉದ್ದ ಹುಲ್ಲಿನ ರಫ್‌ನಲ್ಲಿ ಮಲಗುತ್ತಿತ್ತು. ಆರು ತಿಂಗಳು ನೋಡಿ ನೋಡಿ ಬೇಸತ್ತ ಕ್ಯಾಡಿ ಒಂದು ದಿನ ಅಂದ: "ಸಾರ್, ಚೆಂಡು ಏಳ್ತಾನೇ ಇಲ್ಲ. ತ್ರೀ ವುಡ್ ತಗೊಳ್ಳಿ." ತಗೊಂಡೆ. ಡ್ರೈವರ್‌ಗಿಂತ ಹದಿನೈದು ಗಜ ಮುಂದೆ ಹೋಗಿ ಬಿತ್ತು. ತ್ರೀ ವುಡ್ಡಿನ ಲಾಫ್ಟ್ ಸುಮಾರು 15 ಡಿಗ್ರಿ, ಶಾಫ್ಟ್ ಕೂಡ ಗಿಡ್ಡ. ಡ್ರೈವರನ್ನು ಅದು ಹಿಂದೆ ಹಾಕುತ್ತಿದೆ ಅಂದರೆ ಡ್ರೈವರ್‌ಗೆ ಲಾಫ್ಟ್ ಸಾಲುತ್ತಿಲ್ಲ, ಇಲ್ಲವೇ ಅದರ ಉದ್ದ ನನ್ನ ಕೈಗೆ ಮೀರಿದೆ. ಆಮೇಲೆ ತಿಳಿದದ್ದು: ನನ್ನ ವಿಷಯದಲ್ಲಿ ಎರಡೂ ನಿಜ.

ಅದು ತಿಳಿಯುವ ಮುಂಚೆ ಇನ್ನೊಂದು ಹುಚ್ಚು ಮಾಡಿದೆ. 2004ರ ಆರ್7 ಕ್ವಾಡ್ ಅನ್ನುವ ಡ್ರೈವರ್ ಅಗ್ಗಕ್ಕೆ ಸಿಕ್ಕಿತು. ತಲೆಯಲ್ಲಿ ನಾಲ್ಕು ತಿರುಪು, ಎರಡು 10 ಗ್ರಾಮಿನವು, ಎರಡು 2 ಗ್ರಾಮಿನವು. ಭಾರದವನ್ನು ಹೀಲ್ ಕಡೆಗೆ, ಅಂದರೆ ಶಾಫ್ಟ್ ಸೇರುವ ಬದಿಗೆ, ಹಾಕಿದರೆ ಸ್ಲೈಸ್ (ಚೆಂಡು ಬಲಕ್ಕೆ ಬಾಗುವುದು) ತಗ್ಗಬೇಕು. ಒಂದಿಷ್ಟು ತಗ್ಗಿತು ಕೂಡ. ನಡುಮಧ್ಯಕ್ಕೆ ತಗುಲಿದಾಗ ಅದು ಮಾಡುವ ಸದ್ದಿಗೆ ಸಾಟಿಯಿಲ್ಲ. ಆದರೆ ತಲೆ 400 ಸಿಸಿ. ಈಗಿನವೆಲ್ಲ ನಿಯಮದ ಮಿತಿಯಾದ 460ಕ್ಕೆ ಒತ್ತಿಕೊಂಡೇ ಬರುತ್ತವೆ. ಚಿಕ್ಕ ತಲೆಯಲ್ಲಿ ಅರ್ಧ ಇಂಚು ತಪ್ಪಿದರೂ ಕ್ಲಬ್ ಕೈಯಲ್ಲೇ ತಿರುಚಿಕೊಳ್ಳುತ್ತದೆ, ನಾನು ತಪ್ಪುತ್ತಿದ್ದದ್ದು ಅದಕ್ಕಿಂತ ಹೆಚ್ಚು.

ಎಷ್ಟು ತಪ್ಪುತ್ತಿದ್ದೆ ಅನ್ನುವುದನ್ನು ತೋರಿಸಿಕೊಟ್ಟದ್ದು ಮಗಳ ವೈಟ್‌ಬೋರ್ಡ್ ಮಾರ್ಕರ್. ಚೆಂಡಿನ ಮೇಲೆ ದಪ್ಪಗೆ ಒಂದು ಚುಕ್ಕೆ ಇಟ್ಟು, ಆ ಚುಕ್ಕೆ ಫೇಸಿನ ಕಡೆ ಬರುವಂತೆ ಟೀ ಮೇಲೆ ಕೂರಿಸಿ ಹೊಡೆಯಬೇಕು. ತಗುಲಿದ ಕಡೆ ಫೇಸಿನ ಮೇಲೆ ಗುರುತು ಮೂಡುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಅಭ್ಯಾಸದ ರೇಂಜಿನಲ್ಲಿ ಇಪ್ಪತ್ತು ಚೆಂಡು ಹೊಡೆದೆ. ಹದಿನಾಲ್ಕು ಗುರುತು ಹೀಲ್ ಕಡೆ, ಅದೂ ಕೆಳಗೆ. ಹೀಲಿಗೆ ತಗುಲಿದ ಚೆಂಡು ಬಲಕ್ಕೆ ಇನ್ನಷ್ಟು ತಿರುಗುತ್ತದೆ. ಕೆಳಗೆ ತಗುಲಿದ್ದು ತಗ್ಗಾಗಿ ಹೊರಟು ಸ್ಪಿನ್ ಜಾಸ್ತಿ ಮಾಡಿಕೊಳ್ಳುತ್ತದೆ. ಮೂರು ವರ್ಷದಿಂದ ನಾನು ಬೈಯುತ್ತಿದ್ದ ಸ್ಲೈಸಿನ ಅರ್ಧ ಪಾಲು ಅಲ್ಲೇ ಕೂತಿತ್ತು. ಗ್ರಿಪ್ಪನ್ನು ಒಂದಿಂಚು ಕೆಳಗೆ ಹಿಡಿದು ಮತ್ತೆ ಇಪ್ಪತ್ತು ಹೊಡೆದೆ. ಗುರುತುಗಳು ನಡುವಿಗೆ ಸರಿದು ಬಂದವು. ಖರ್ಚು ಸೊನ್ನೆ. ಹಳೆಯ ಡ್ರೈವರ್ ಹುಡುಕುವವರು ಯಾವ ಬ್ರ್ಯಾಂಡ್ ಅಂತ ಕೇಳುವ ಮುಂಚೆ ಇದನ್ನು ಮಾಡಿಕೊಂಡರೆ ದುಡ್ಡು ಉಳಿಯುತ್ತದೆ.

ಆಮೇಲೆ ಒಂದು ಗಂಟೆಯ ಶುಲ್ಕ ಕೊಟ್ಟು, ಹೊಡೆತದ ವೇಗ, ಕೋನ ಅಳೆಯುವ ಲಾಂಚ್ ಮಾನಿಟರ್ ಮುಂದೆ ನಿಂತೆ. ಸ್ವಿಂಗ್ ವೇಗ ಗಂಟೆಗೆ 88 ಮೈಲಿ. ಅಮೆರಿಕದ ವೃತ್ತಿಪರ ಪಿಜಿಎ ಟೂರ್ ಆಟಗಾರರ ಸರಾಸರಿ 113ರ ಮೇಲಿದೆ, ಅಲ್ಲಿಗೆ ನನ್ನ ಸ್ಟಿಫ್ ಶಾಫ್ಟಿನ ಕಥೆ ಮುಗಿಯಿತು. ಕ್ಲಬ್ ಚೆಂಡಿನ ಮೇಲೆ 3 ಡಿಗ್ರಿ ಇಳಿಮುಖವಾಗಿ, ಸೌದೆ ಸೀಳುವ ಹಾಗೆ ಬರುತ್ತಿತ್ತು. ಎಸ್‌ಎಲ್‌ಡಿಆರ್‌ನಲ್ಲಿ ಚೆಂಡು 8 ಡಿಗ್ರಿಗೆ ಹೊರಟು 168 ಗಜ ಹಾರಿತು. ಅಲ್ಲೇ ಇದ್ದ ಹಳೆಯ 12 ಡಿಗ್ರಿಯ ರೆಗ್ಯುಲರ್ ಒಂದನ್ನು ಕೊಟ್ಟರು. ಅದರಲ್ಲಿ 12 ಡಿಗ್ರಿಗೆ ಎದ್ದು 194 ಗಜ. ಸ್ವಿಂಗ್ ಅದೇ, ತೋಳು ಅದೇ. ಮಳೆಗಾಲದಲ್ಲಿ ಹುಲ್ಲು ಕತ್ತರಿಸಿದ ನಮ್ಮ ಫೇರ್‌ವೇಗಳಲ್ಲಿ ಚೆಂಡು ಬಿದ್ದಲ್ಲೇ ಹೂತು ನಿಲ್ಲುತ್ತದೆ, ಉರುಳುವುದನ್ನು ನಂಬುವ ಹಾಗಿಲ್ಲ. ಹಾರಿದ್ದಷ್ಟೇ ಲೆಕ್ಕ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಈ ಊರಿನ ತೆಳುಗಾಳಿ ಕೊಡುವ ನಾಲ್ಕಾರು ಗಜವೂ ಗಾಳಿಗೆ ಏರಿದ ಚೆಂಡಿಗೇ ಸಿಗುವುದು.

ಹತ್ತು ಹನ್ನೆರಡು ವರ್ಷ ಹಳೆಯದಾದರೆ ದೂರ ಕಡಿಮೆಯಾಗುವುದಿಲ್ಲವೇ ಅಂತ ಕೇಳುತ್ತಾರೆ. ಫೇಸಿನ ಪುಟಿತಕ್ಕೆ ನಿಯಮ ಹಾಕಿರುವ ಮಿತಿ 0.83ರ ಆಸುಪಾಸು. 2008ರ ಹೊತ್ತಿಗೇ ಎಲ್ಲ ಕಂಪನಿಗಳೂ ಆ ಗೋಡೆ ಮುಟ್ಟಿ ನಿಂತಿದ್ದವು. ಅಲ್ಲಿಂದೀಚೆಗೆ ಸುಧಾರಿಸಿದ್ದು ಹೆಚ್ಚಾಗಿ ತಪ್ಪಿ ತಗುಲಿದ ಏಟುಗಳ ಗತಿ. ಅದರಲ್ಲೂ ಪಿಂಗ್‌ನವರ ಜಿ ಸಾಲು ಹಿಂದಿನಿಂದಲೂ ಕ್ಷಮಾಗುಣದ್ದು. 2008ಕ್ಕಿಂತ ಹಿಂದಿನದನ್ನು ಕೊಳ್ಳುವವರು ಮಾತ್ರ ಮಾನ್ಯ ಕ್ಲಬ್‌ಗಳ ಪಟ್ಟಿಯಲ್ಲಿ ಅದರ ಹೆಸರಿದೆಯೇ ನೋಡಿಕೊಳ್ಳಬೇಕು. ಕ್ಯಾಲವೇ ಇಆರ್‌ಸಿ 2 ಥರದವು ನೋಡುವುದಕ್ಕೆ ಚೆನ್ನ, ಪಂದ್ಯಕ್ಕೆ ನಿಷಿದ್ಧ.

ಜಿ25 ಕೊಂಡದ್ದು ಅಮೆರಿಕದಲ್ಲಿ. ಡಲ್ಲಾಸ್‌ನಲ್ಲಿರುವ ಅಣ್ಣನ ಮಗ ಹಳೆಯ ಕ್ಲಬ್‌ಗಳ ಅಂಗಡಿಯಲ್ಲಿ ನಿಂತು ವಿಡಿಯೋ ಕರೆ ಮಾಡಿದ. ಫೇಸಿನ ಮೇಲೆ ಉಗುರು ಎಳೆದು ನೋಡಪ್ಪ, ಕೂದಲೆಳೆ ಬಿರುಕಿದ್ದರೆ ಉಗುರಿಗೆ ತಡೆಯುತ್ತದೆ ಅಂದೆ. ಮೊದಲನೆಯದನ್ನು ಅಲ್ಲಾಡಿಸಿ "ಚಿಕ್ಕಪ್ಪಾ, ಒಳಗೆ ಏನೋ ಗಲಗಲ ಅಂತಿದೆ" ಅಂದ. ಒಣಗಿದ ಅಂಟಿನ ಚೂರು ಇದ್ದೀತು, ಅಪಾಯವಿಲ್ಲ. ಆದರೂ ಪ್ರತಿ ಹೊಡೆತಕ್ಕೂ ಗೆಜ್ಜೆ ಸದ್ದು ಯಾರಿಗೆ ಬೇಕು? ಎರಡನೆಯದರ ನೆತ್ತಿಯ ಮೇಲೆ ಗೀರುಗಳಿದ್ದವು. ಗೀರಿಗೆ ಬೆಲೆ ಇಳಿಯುತ್ತದೆ, ಆಟ ಇಳಿಯುವುದಿಲ್ಲ. ತಲೆಗೆ ಶಾಫ್ಟ್ ಸೇರುವ ಕತ್ತಿನ, ಅಂದರೆ ಹೊಸೆಲ್ ಮೇಲಿನ ಸೀರಿಯಲ್ ನಂಬರ್ ಓದಿಸಿಕೊಂಡೆ, ನಕಲಿಗಳ ಕಾಟ ಈ ವ್ಯಾಪಾರದಲ್ಲಿ ಬಹಳ. ಟೇಪ್ ಹಿಡಿಸಿ ಉದ್ದವನ್ನೂ ಅಳೆಸಿದೆ. ತಿರುಪು ಬಿಚ್ಚಿದರೆ ತಲೆ ಕಳಚುವ ಮಾದರಿ ಅದು. ತಲೆಯನ್ನು ಸಾಕ್ಸಿನೊಳಗೆ ತುರುಕಿ, ಶಾಫ್ಟನ್ನು ರಟ್ಟಿನ ಕೊಳವೆಗೆ ಹಾಕಿ ಬರುವಾಗ ತಂದ.

ಇಲ್ಲಿ ಶಾಫ್ಟನ್ನು ಮುಕ್ಕಾಲು ಇಂಚು ಕತ್ತರಿಸಿ ಹೊಸ ಗ್ರಿಪ್ ಹಾಕಿಸಿದೆ. ಕತ್ತರಿಸಿದ ಮೇಲೆ ತಲೆಯಲ್ಲಿ ತೂಕವೇ ಇಲ್ಲದಂತಾಗಿ ಸ್ವಿಂಗ್ ಲಯ ತಪ್ಪಿತು. ಅರ್ಧ ಇಂಚಿಗೆ ಸ್ವಿಂಗ್ ವೆಯ್ಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಳತೆ) ಸುಮಾರು ಮೂರು ಪಾಯಿಂಟ್ ಬೀಳುತ್ತದೆ, 2 ಗ್ರಾಂ ಸೀಸದ ಪಟ್ಟಿಗೆ ಒಂದು ಪಾಯಿಂಟ್ ಏರುತ್ತದೆ. ಹೀಲ್ ಕಡೆ 8 ಗ್ರಾಂ ಅಂಟಿಸಿದ ಮೇಲೆ ಸರಿಹೋಯಿತು. ಸ್ಲೈಸ್ ಪೂರ್ತಿ ಹೋಗಿಲ್ಲ. ಈಗ ಅದು ಫೇರ್‌ವೇಯ ಬಲ ಅಂಚಿನಲ್ಲಿ ನಿಲ್ಲುತ್ತದೆ. ನಮ್ಮೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಉದ್ದ ಹೊಡೆಯುವವರ ನಡುವೆಯೇ ನಾಲ್ಕನೆಯವರಾಗಿ ಬಂದದ್ದನ್ನು ನೆನಪಿಸಿಕೊಂಡು, ಉಳಿದ ಸಮಯ ಚೆಂಡನ್ನು ಕುಳಿಗೆ ಉರುಳಿಸುವ ಪಟರ್‌ಗೆ ಕೊಡುತ್ತಿದ್ದೇನೆ.

ಎಸ್‌ಎಲ್‌ಡಿಆರ್ ಈಗ ಆಫೀಸಿನ ಹುಡುಗನೊಬ್ಬನ ಬ್ಯಾಗಿನಲ್ಲಿದೆ, ಅವನ ವೇಗಕ್ಕೆ ಚೆಂಡು ಆಕಾಶಕ್ಕೆ ಹೋಗುತ್ತದೆ. ಆರ್7 ಮಾರಲಿಲ್ಲ. ಯಾವಾಗಲಾದರೂ ಆ ಸದ್ದು ಕೇಳಬೇಕೆನಿಸಿದರೆ ರೇಂಜಿಗೆ ಒಯ್ಯುತ್ತೇನೆ, ಇಪ್ಪತ್ತರಲ್ಲಿ ಎರಡು ಸಲ ಕೇಳಿಸುತ್ತದೆ.