ರಕೂನ್‌ಗೆ ಚಾರ್ಟಿನಲ್ಲಿ ಸರಿಯಾದ ಜಾಗ ಹುಡುಕುವುದು ಹೇಗೆ?

ತುಮಕೂರು, ಮಧುಗಿರಿ, ಪಾವಗಡದ ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ಎಂದರೆ ಪ್ರಾಣಿ ವರ್ಗೀಕರಣದ ಚಾರ್ಟ್ ಇದ್ದೇ ಇರುತ್ತದೆ. ಅದರಲ್ಲಿ ಅಮೆರಿಕದ ರಕೂನ್ ಎಂಬ ಪ್ರಾಣಿ ಬಂತೆಂದರೆ ಮಕ್ಕಳು ಅದನ್ನು ಒಂದೋ ಕರಡಿಯ ಪಕ್ಕ, ಇಲ್ಲವೇ ಪುನುಗು ಬೆಕ್ಕಿನ ಪಕ್ಕ ಅಂಟಿಸಿಬಿಡುತ್ತಾರೆ. ಎರಡೂ ತಪ್ಪು.

ಮೊದಲು ಹಾಳೆಯನ್ನು ಪೆನ್ಸಿಲಿನಲ್ಲಿ ಭಾಗ ಮಾಡಿ. ಸಾಮ್ರಾಜ್ಯ ಪ್ರಾಣಿ, ವಂಶ ಕಾರ್ಡೇಟ, ವರ್ಗ ಸಸ್ತನಿ. ಈ ಮೂರಕ್ಕೆ ಮೇಲಿನ ಕಾಲು ಭಾಗ ಸಾಕು. ಮೈಮೇಲೆ ಕೂದಲಿದೆ, ಮರಿಗೆ ಹಾಲೂಡಿಸುತ್ತದೆ, ಮುಗಿಯಿತು. ನಡುವಿನ ಅರ್ಧ ಹಾಳೆಯನ್ನು ಗಣ ಮತ್ತು ಕುಟುಂಬಕ್ಕೆ ಬಿಡಿ. ಕೆಲಸ ಕೆಡುವುದು ಅಲ್ಲೇ.

ಗಣ: ಕಾರ್ನಿವೋರ. ‘ಮಾಂಸಾಹಾರಿ’ ಎಂದು ಬರೆದು ಬಿಟ್ಟರೆ, ಜೋಳ, ಹಣ್ಣು, ಏಡಿ, ಮೊಟ್ಟೆ ಎಲ್ಲ ತಿನ್ನುವ ಪ್ರಾಣಿ ಇಲ್ಲಿಗೆ ಹೇಗೆ ಬಂತು ಎಂದು ನೋಡಲು ಬಂದವರು ಕೇಳುತ್ತಾರೆ. ಗೆದ್ದಲು, ಹಲಸು ತಿನ್ನುವ ನಮ್ಮ ದೇವರಾಯನದುರ್ಗದ ಕರಡಿಯೂ ಇದೇ ಗಣದ್ದು. ಗಣವನ್ನು ತೀರ್ಮಾನಿಸುವುದು ತಿನ್ನುವ ಆಹಾರವಲ್ಲ, ಹಲ್ಲಿನ ವಂಶಾವಳಿ. ಮನೆ ನಾಯಿ ಮೂಳೆ ಕಡಿಯುವುದನ್ನು ಗಮನಿಸಿ: ತಲೆ ವಾರೆ ಮಾಡಿ ಬಾಯಿಯ ಪಕ್ಕದಿಂದ ಕಡಿಯುತ್ತದೆ. ಮೇಲ್ದವಡೆಯ ನಾಲ್ಕನೇ ಮುಂದವಡೆ ಹಲ್ಲು, ಕೆಳದವಡೆಯ ಮೊದಲ ದವಡೆ ಹಲ್ಲು ಅಲ್ಲಿ ಕತ್ತರಿಯ ಎರಡು ಅಲಗಿನಂತೆ ಕೂಡುತ್ತವೆ. ಈ ಜೋಡಿಯೇ ಕಾರ್ನಿವೋರದ ಗುರುತು. ರಕೂನ್‌ನಲ್ಲಿ ಅದೇ ಜೋಡಿ ಅಗಲವಾಗಿ, ಗುಬಟುಗುಬಟಾಗಿ, ಅರೆಯುವ ಹಲ್ಲಾಗಿ ಬದಲಾಗಿದೆ. ಜಾಗ ಮಾತ್ರ ಅದೇ.

ಮುಂದಿನ ಕವಲು ನಾಯಿ ಕಡೆಯೋ, ಬೆಕ್ಕಿನ ಕಡೆಯೋ ಎಂಬುದು. ಹೆಸರನ್ನು ನಂಬಲೇಬೇಡಿ. ನೀರುನಾಯಿ ನಾಯಿಯಲ್ಲ, ತರಕರಡಿ (ಹನಿ ಬ್ಯಾಜರ್) ಕರಡಿಯಲ್ಲ, ಪುನುಗು ಬೆಕ್ಕು ಬೆಕ್ಕಲ್ಲ. ನಾಯಿಯಂತೆ ಕಾಣುವ ಕತ್ತೆಕಿರುಬ ಇರುವುದು ಬೆಕ್ಕಿನ ಕಡೆ. ಹಲ್ಲಿನ ಎಣಿಕೆಯೊಂದನ್ನೇ ನಂಬಿದರೂ ಎಡವುತ್ತೀರಿ. ರಕೂನ್‌ಗೆ ಪ್ರತಿ ಅರೆ ದವಡೆಯಲ್ಲಿ 3 ಬಾಚಿ, 1 ಕೋರೆ, 4 ಮುಂದವಡೆ, 2 ದವಡೆ ಹಲ್ಲು, ಒಟ್ಟು 40. ನಾಯಿಗೆ 42, ಬೆಕ್ಕಿಗೆ 30. ಆದರೆ ಪುನುಗು ಬೆಕ್ಕಿಗೂ 40! ಇಲ್ಲಿ ಬುರುಡೆಯನ್ನು ಮಗುಚಿ ನೋಡಬೇಕು. ಎರಡೂ ಕಿವಿಗಳ ಬಳಿ, ತಳದಲ್ಲಿ, ಒಂದೊಂದು ಎಲುಬಿನ ಉಬ್ಬು ಇರುತ್ತದೆ. ಬೆಕ್ಕಿನ ಕಡೆಯವುಗಳಲ್ಲಿ ಸಾಮಾನ್ಯವಾಗಿ ಅದರೊಳಗೆ ಅಡ್ಡಗೋಡೆ ಎದ್ದು ಎರಡು ಕೋಣೆಗಳಾಗಿರುತ್ತವೆ. ನಾಯಿ ಕಡೆಯವುಗಳಲ್ಲಿ ಒಂದೇ ಕೋಣೆ, ಇಲ್ಲವೇ ಅರ್ಧಕ್ಕೆ ನಿಂತ ಗೋಡೆ. ರಕೂನ್‌ನದು ಒಂದೇ ಕೋಣೆ, ಹಾಗಾಗಿ ನಾಯಿ ಕಡೆ. ಎರಡು ಉಬ್ಬುಗಳನ್ನು ಸೀಳಿದಂತೆ ಚಿತ್ರ ಬರೆದು ಗೋಡೆಯನ್ನು ಕೆಂಪಿನಲ್ಲಿ ತೋರಿಸಿ. ಚಾರ್ಟಿನಲ್ಲಿ ಒಂದೇ ಚಿತ್ರಕ್ಕೆ ಜಾಗವಿದ್ದರೆ ಇದನ್ನೇ ಹಾಕಿ.

ಕುಟುಂಬ ಪ್ರೊಸಿಯಾನಿಡೆ. ಕರಡಿಯ ಜೊತೆ ಸೇರಿಸುವ ತಪ್ಪು ಹಳೆಯದು. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಕೂಡ ಇದನ್ನು ಕರಡಿ ಎಂದೇ ಎಣಿಸಿ ‘ಅರ್ಸಸ್ ಲೋಟರ್’ ಎಂದು ಹೆಸರಿಟ್ಟಿದ್ದ. 1780ರಲ್ಲಿ ಜರ್ಮನಿಯ ವಿಜ್ಞಾನಿ ಸ್ಟೋರ್ ‘ಪ್ರೊಸಿಯಾನ್’ ಎಂಬ ಬೇರೆ ಜಾತಿ (ಜೀನಸ್) ಮಾಡಿದ. ಈ ಕುಟುಂಬದಲ್ಲಿ ಕೊವಾಟಿ, ಕಿಂಕಾಜು, ಒಲಿಂಗೊ ಕೂಡ ಇವೆ. ಎಲ್ಲವೂ ಅಮೆರಿಕ ಖಂಡಗಳವು. ಡಿಎನ್‌ಎ ಪ್ರಕಾರ ಇವುಗಳಿಗೆ ಅತಿ ಹತ್ತಿರದ ನೆಂಟರು ನೀರುನಾಯಿ, ತರಕರಡಿಗಳಿರುವ ಮಸ್ಟೆಲಿಡೆ ಕುಟುಂಬದವರು. ಗೆರೆ ಎಳೆಯುವುದಾದರೆ ಅತ್ತ ಎಳೆಯಿರಿ. ರೆಡ್ ಪಾಂಡಾವನ್ನು ಹಿಂದೆ ಇಲ್ಲಿ ಸೇರಿಸುತ್ತಿದ್ದರು, ಈಗ ಅದಕ್ಕೆ ಐಲುರಿಡೆ ಎಂಬ ಸ್ವಂತ ಕುಟುಂಬವಿದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಚಾರ್ಟಿನಲ್ಲಿ ಇವೆರಡೂ ಒಟ್ಟಿಗಿದ್ದರೆ ಕೊಳ್ಳಬೇಡಿ.

ಜಾತಿ, ಪ್ರಭೇದ: ಪ್ರೊಸಿಯಾನ್ ಲೋಟರ್. ಇದೇ ಜಾತಿಯಲ್ಲಿ ಏಡಿ ತಿನ್ನುವ ರಕೂನ್, ಮೆಕ್ಸಿಕೊದ ಕೊಜುಮೆಲ್ ದ್ವೀಪದ ಕುಳ್ಳ ರಕೂನ್ ಎಂಬ ಇನ್ನೆರಡು ಪ್ರಭೇದಗಳಿವೆ. ಕೈಬರಹದಲ್ಲಿ ಎರಡೂ ಪದಗಳ ಕೆಳಗೆ ಬೇರೆಬೇರೆ ಗೆರೆ ಎಳೆಯಿರಿ, ಒಂದೇ ಉದ್ದ ಗೆರೆ ಬೇಡ.

ಉಳಿದದ್ದು ಚಿತ್ರ. ಮೊಬೈಲಿನಲ್ಲಿ ಹುಡುಕಿ ಮೊದಲು ಸಿಕ್ಕಿದ್ದನ್ನು ಪ್ರಿಂಟ್ ಹಾಕಿಸಬೇಡಿ. ನಮ್ಮ ಮರಬೆಕ್ಕಿಗೆ ಮುಖದಲ್ಲಿ ಕಪ್ಪು ಪಟ್ಟಿಯಿದೆ, ಬಾಲದಲ್ಲಿ ಬಳೆಗಳಿಲ್ಲ. ಪುನುಗು ಬೆಕ್ಕಿಗೆ ಬಾಲದಲ್ಲಿ ಬಳೆಗಳಿವೆ, ಮುಖದಲ್ಲಿ ಪಟ್ಟಿಯಿಲ್ಲ. ರಕೂನ್‌ಗೆ ಎರಡೂ ಇವೆ. ಪೂರ್ವ ಏಷ್ಯಾದ ‘ರಕೂನ್ ನಾಯಿ’ ನಿಜವಾಗಿಯೂ ನಾಯಿ ಕುಟುಂಬದ್ದು, ಅದರ ಮುಖವೂ ಥೇಟ್ ಇದರಂತೆಯೇ. ಆಗ ಮುಂಗಾಲು ನೋಡಿ: ಎಳೆ ಮಗುವಿನ ಕೈಯಂತೆ ಐದು ಉದ್ದ ಬೆರಳು ಬಿಡಿಬಿಡಿಯಾಗಿ ಕಂಡರೆ ಮಾತ್ರ ಅಂಟಿಸಿ.