ಮೂರು ತಿಂಗಳಿಗೊಂದು ಇಂಜೆಕ್ಷನ್, ವಾರಕ್ಕೆರಡು ದಿನ ಡಂಬೆಲ್

ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆ ಅಂತ ಗೊತ್ತಾದ ಮೇಲೆ ಬಸವನಗುಡಿಯಲ್ಲಿ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: ಸುಮ್ನೆ ರೆಸ್ಟ್ ತಗೊಳ್ಳಿ ಸಾರ್. ಪ್ರೀತಿಯಿಂದಲೇ ಹೇಳಿದ್ದರು. ಆದರೆ ನನ್ನನ್ನು ಹಣ್ಣು ಮಾಡುತ್ತಿದ್ದದ್ದು ಕಾಯಿಲೆಗಿಂತ ಜಾಸ್ತಿ ಅದರ ಔಷಧಿ. ಮೂರು ತಿಂಗಳಿಗೊಮ್ಮೆ ಹಾಕುವ ಲ್ಯೂಪ್ರೊಲೈಡ್ ಇಂಜೆಕ್ಷನ್, ಈ ಕ್ಯಾನ್ಸರ್‌ಗೆ ಮೇವಾಗುವ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಅನ್ನು ಬತ್ತಿಸುತ್ತದೆ. ಅದರಿಂದ ಪಿಎಸ್‌ಎ, ಅಂದರೆ ಈ ಕ್ಯಾನ್ಸರ್‌ನ ಏರಿಳಿತ ತೋರಿಸುವ ರಕ್ತಪರೀಕ್ಷೆಯ ಅಂಕಿ, ಇಳಿಯಿತು, ಸಂತೋಷ. ಜೊತೆಗೆ ತೋಳು ತೊಡೆ ಸೊರಗಿದವು, ಹೊಟ್ಟೆ ಬಂತು, ಡಿಸೆಂಬರ್ ಚಳಿಯಲ್ಲೂ ರಾತ್ರಿ ಮೈಯೆಲ್ಲ ಬೆವರು. ನೆಲದ ಮೇಲೆ ಊಟಕ್ಕೆ ಕೂತರೆ ಎಬ್ಬಿಸೋಕೆ ಒಬ್ಬರು ಬೇಕಿತ್ತು.

ವಾಕಿಂಗ್ ಮೊದಲಿನಿಂದಲೂ ಇತ್ತು, ಕೃಷ್ಣರಾವ್ ಪಾರ್ಕಿನಲ್ಲಿ. ನಡಿಗೆ ಉಸಿರಿಗೆ, ಹೃದಯಕ್ಕೆ, ಮನಸ್ಸಿಗೆ ಒಳ್ಳೆಯದು. ಕರಗುವ ಮಾಂಸಖಂಡಕ್ಕೆ ಅಷ್ಟು ಸಾಲದು, ಭಾರ ಎತ್ತಲೇಬೇಕು.

ಡಾಕ್ಟರು ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ಆಕೆ ಡಂಬೆಲ್ ಮುಟ್ಟಿಸುವ ಮೊದಲು ಕೇಳಿದ್ದು ಬೋನ್ ಸ್ಕ್ಯಾನ್ ರಿಪೋರ್ಟ್. ಇದು ಬಹಳ ಮುಖ್ಯ. ಗಡ್ಡೆ ಎಲ್ಲೆಲ್ಲಿದೆ ಅಂತ ನೋಡಿ ಆ ಜಾಗಕ್ಕೆ ಭಾರ ಬೀಳದ ಹಾಗೆ ವ್ಯಾಯಾಮ ಆರಿಸಬೇಕು. ನನಗೆ ಇದ್ದದ್ದು ಬೆನ್ನಿನ ಕೆಳಭಾಗದ ಮೂಳೆಯಲ್ಲಿ. ಹಾಗಾಗಿ ಮುಂದೆ ಬಾಗುವುದು, ಸೊಂಟ ತಿರುಚುವುದು, ಜಿಗಿಯುವುದು, ತಲೆ ಮೇಲೆ ಭಾರ ಎತ್ತುವುದು ಎಲ್ಲ ಬಂದ್. ಎಷ್ಟೋ ವರ್ಷದ ಸೂರ್ಯನಮಸ್ಕಾರವೂ ಹೋಯಿತು, ಅದಕ್ಕೆ ಬೇಜಾರಾಯಿತು ಬಿಡಿ. ಪಾರ್ಕುಗಳಲ್ಲಿ ಹಾಕಿರುವ ವ್ಯಾಯಾಮದ ಸಲಕರಣೆಗಳಲ್ಲಿ ನಿಂತು ಸೊಂಟ ತಿರುಗಿಸುವ ತಟ್ಟೆ ಒಂದಿರುತ್ತದಲ್ಲ, ನಮ್ಮಂಥವರು ಅದರ ಹತ್ತಿರ ಹೋಗಬಾರದು.

ಉಳಿದದ್ದು ಸರಳ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ಕಿಟಕಿ ಸರಳಿಗೆ ಕಟ್ಟಿದ ರಬ್ಬರ್ ಬ್ಯಾಂಡ್ ಎಳೆಯುವುದು, ಕೂತು ಡಂಬೆಲ್ ಎತ್ತುವುದು, ಹಿಮ್ಮಡಿ ಎತ್ತಿ ನಿಲ್ಲುವುದು. ಒಂದೊಂದೂ 8ರಿಂದ 15 ಸಲ, ಎರಡು ಸುತ್ತು, ವಾರಕ್ಕೆ ಎರಡು ದಿನ. ಮೂರು ದಿನ ಅರ್ಧ ಗಂಟೆ ಬಿರುಸು ನಡಿಗೆ, ಮಾತಾಡಬಹುದು ಆದರೆ ಹಾಡೋಕಾಗಬಾರದು, ಅಷ್ಟು ಬಿರುಸು. ಇದು ನಮ್ಮ ಫಿಸಿಯೋ ಮನಸ್ಸಿಗೆ ತೋಚಿದ ಲೆಕ್ಕವಲ್ಲ. ಕ್ಯಾನ್ಸರ್ ರೋಗಿಗಳ ಸುಸ್ತು ಕಡಿಮೆ ಮಾಡಲು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2019ರಲ್ಲಿ ಪ್ರಕಟಿಸಿದ ಸಲಹೆಯೂ ಹೆಚ್ಚುಕಮ್ಮಿ ಇದೇ. ಎತ್ತುವಾಗ ಕೊನೆಯ ಒಂದೆರಡು ಸಲ ಕಷ್ಟ ಅನ್ನಿಸಬೇಕು, ನೋವಾಗಬಾರದು.

ಭಾರ ಎತ್ತಿದರೆ ಟೆಸ್ಟೋಸ್ಟೆರಾನ್ ಏರಿ ಕ್ಯಾನ್ಸರ್‌ಗೆ ಮೇವು ಹಾಕಿದಂತೆ ಆಗಲ್ವಾ ಅಂತ ನಮ್ಮ ಭಾವನವರು ಕೇಳಿದರು. ನನಗೂ ಆ ಹೆದರಿಕೆ ಇತ್ತು. 2003ರಲ್ಲಿ ಕೆನಡಾದವರು ಇದೇ ಹಾರ್ಮೋನ್ ಚಿಕಿತ್ಸೆಯಲ್ಲಿದ್ದ 155 ಗಂಡಸರನ್ನು ಇಟ್ಟುಕೊಂಡು ಅಧ್ಯಯನ ಮಾಡಿದ್ದಾರೆ. 12 ವಾರ ಭಾರ ಎತ್ತಿದವರಿಗೆ ಸುಸ್ತು ಕಡಿಮೆಯಾಯಿತು, ಪಿಎಸ್‌ಎ, ಟೆಸ್ಟೋಸ್ಟೆರಾನ್ ಏರಲಿಲ್ಲ. ಅದನ್ನು ಓದಿ ಹೇಳಿದ ಮೇಲೆ ಭಾವನವರು ಸುಮ್ಮನಾದರು.

ಜಿಮ್‌ಗೆ ನಾನು ಹೋಗಲಿಲ್ಲ. ಹತ್ತಿರದ ಒಂದರಲ್ಲಿ ವಿಚಾರಿಸಿದರೆ ಕಾಯಿಲೆ ಬಗ್ಗೆ ಒಂದು ಪ್ರಶ್ನೆ ಕೇಳದೆ ಪ್ರೋಟೀನ್ ಪುಡಿಯ ಡಬ್ಬಿ ತೋರಿಸಿದರು! ಇನ್ನು ನಮ್ಮ ಫುಟ್‌ಪಾತು ನಿಮಗೆ ಗೊತ್ತೇ ಇದೆ. ಈ ಚಿಕಿತ್ಸೆಯಲ್ಲಿ ಮೂಳೆ ಮೊದಲೇ ಟೊಳ್ಳಾಗಿರುತ್ತದೆ, ಅಲುಗಾಡುವ ಕಲ್ಲುಚಪ್ಪಡಿ ಮೇಲೆ ಬಿದ್ದರೆ ಕಥೆ ಮುಗಿಯಿತು. ಅದಕ್ಕೇ ಪಾರ್ಕಿನೊಳಗೇ ನಡೆಯುತ್ತೇನೆ, ಮಳೆ ಬಂದ ದಿನ ಮನೆಯ ಹಾಲಿನಲ್ಲೇ ತಿರುಗುತ್ತೇನೆ.

ಈಗ ಗಾಂಧಿಬಜಾರಿನಿಂದ ತರಕಾರಿ ಚೀಲ ನಾನೇ ತರುತ್ತೇನೆ. ನ್ಯಾಷನಲ್ ಕಾಲೇಜ್ ಮೆಟ್ರೋ ಮೆಟ್ಟಿಲು ಹತ್ತುತ್ತೇನೆ. ನಿದ್ದೆ ಪರವಾಗಿಲ್ಲ. ಬೆವರು ಮಾತ್ರ ಹಾಗೇ ಇದೆ. ಗಂಡಹೆಂಡಿರ ಸಂಬಂಧದ ವಿಷಯದಲ್ಲೂ ವ್ಯಾಯಾಮ ಹಳೆಯದನ್ನು ವಾಪಸ್ ತಂದುಕೊಟ್ಟಿಲ್ಲ. ಅದನ್ನು ನಮ್ಮ ಮನೆಯವರ ಹತ್ತಿರ ಬಾಯಿಬಿಟ್ಟು ಮಾತಾಡಿದ ಮೇಲೇ ಮನಸ್ಸು ಹಗುರಾದದ್ದು.

ಸುಸ್ತು ವಿಪರೀತ ಇದ್ದ ದಿನ ಹತ್ತು ನಿಮಿಷ ಮಾಡಿ ನೋಡುತ್ತೇನೆ, ಆಗದಿದ್ದರೆ ಬಿಡುತ್ತೇನೆ. ಬೆನ್ನಲ್ಲಿ ಹೊಸ ನೋವು, ಅದರಲ್ಲೂ ಮಲಗಿದಾಗ ಹೆಚ್ಚಾಗುವಂಥದ್ದು, ಕಾಲು ಸೋಲುವುದು ಅಥವಾ ಜೋಮು ಹಿಡಿಯುವುದು, ಮೂತ್ರ ಮಲದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಮಾತ್ರ ಕಾಯಬೇಡಿ. ಬೆನ್ನುಹುರಿ ಮೇಲೆ ಗಡ್ಡೆ ಒತ್ತುತ್ತಿರಬಹುದು. ಭಾನುವಾರವಾದರೂ ಸರಿ, ಅವತ್ತೇ ಆಸ್ಪತ್ರೆಗೆ ಹೋಗಿ.